ಟರ್ಕಿನ ಇಡಿಯಾಗೇ ಯಾಕ್ ಬೇಯಿಸ್ಬೇಕು?

ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ರ ಬಂತು ಅಂದ್ರೆ ಅಮೆರಿಕದಲ್ಲಿ ಮನೆಮನೆ ಫ್ರಿಜ್‌ನಲ್ಲೂ ಒಂದು ಟರ್ಕಿ, ಅಂದ್ರೆ ದೊಡ್ಡ ಕೋಳಿ ಥರದ ಹಕ್ಕಿ, ಮಲಗಿರುತ್ತೆ, ಹಾಲು ಮೊಸರು ಎಲ್ಲಾ ಮೂಲೆಗೆ. 14 ಪೌಂಡಿನ ಹಕ್ಕಿ, ಅಂದ್ರೆ ಆರು ಕೆಜಿ ಚಿಲ್ರೆ, ಐಸ್ ಬಿಡೋಕೇ ಮೂರು ದಿನ ಬೇಕು. ಹೊರಗಿಟ್ಟು ಬೇಗ ಕರಗಿಸೋಣ ಅನ್ನೋಹಾಗಿಲ್ಲ, ಮೇಲೆ ಹಾಳಾಗೋಕೆ ಶುರುವಾದ್ರೂ ಒಳಗೆ ಇನ್ನೂ ಐಸೇ ಇರುತ್ತೆ. ಹೊಸತೊಡಕಿನ ಬೆಳಿಗ್ಗೆ ಕ್ಯೂ ನಿಂತು ಮಾಂಸ ತಂದು ಮಧ್ಯಾಹ್ನಕ್ಕೆ ಊಟ ಮುಗಿಸಿ ಮಲಗೋ ನಮ್ಮಂಥವ್ರಿಗೆ ಈ ತಾಳ್ಮೆ ಎಲ್ಲಿಂದ ಬರ್ಬೇಕು ಹೇಳಿ.

ತಮಾಷೆ ಏನಂದ್ರೆ ಕಷ್ಟ ಎಲ್ಲಾ ಅದನ್ನ ಇಡಿಯಾಗಿ ಬೇಯಿಸೋದ್ರಿಂದಲೇ. ಎದೆ ಮಾಂಸ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ತಕ್ಷಣ ತೆಗೀಬೇಕು, ಬಿಟ್ರೆ ರಸ ಬತ್ತಿ ಹತ್ತಿ ಅಗಿದಂಗಿರುತ್ತೆ. ತೊಡೆ ಹಾಗಲ್ಲ, ಓಡಾಡಿದ ಕಾಲು, ನಾರು ನರ ಜಾಸ್ತಿ, 175 ದಾಟಿದ್ರೇನೇ ಮೆತ್ತಗಾಗೋದು. ಎರಡೂ ಒಂದೇ ಹಕ್ಕಿ, ಒಂದೇ ಓವನ್! ಬೆನ್ನುಮೂಳೆ ಕತ್ತರಿಸಿ ಹಕ್ಕಿನ ಚಪ್ಪಟೆಯಾಗಿ ಹರಡಿ ಬೇಯಿಸಿದ್ರೆ ಅರ್ಧ ತಲೆನೋವು ಹೋಗುತ್ತೆ, ಅಲ್ಲಿಯವ್ರಿಗೂ ಗೊತ್ತು, ಆದ್ರೂ ಟೇಬಲ್ ಮೇಲೆ ಇಡೀ ಹಕ್ಕಿ ಹೊಳೀತಾ ಬರ್ಬೇಕು, ಎಲ್ರೂ ಆಹಾ ಅನ್ಬೇಕು, ಫೋಟೋ ಆಗ್ಬೇಕು, ಆಮೇಲೆ ಅದೇ ಹಕ್ಕಿ ಅಡುಗೆಮನೆಗೆ ವಾಪಸ್ ಹೋಗಿ ಪೀಸ್ ಪೀಸ್ ಆಗಿ ಬರುತ್ತೆ. ಎರಡು ನಿಮಿಷದ ಮೆರವಣಿಗೆಗೆ ಇಷ್ಟೆಲ್ಲಾ. ಬಟರ್‌ಬಾಲ್ ಅನ್ನೋ ಟರ್ಕಿ ಮಾರೋ ಕಂಪನಿಯವ್ರು 1981ರಿಂದ ಟರ್ಕಿ ಬೇಯಿಸೋರಿಗೆ ಅಂತಲೇ ಒಂದು ಹೆಲ್ಪ್‌ಲೈನ್ ನಡೆಸ್ತಿದ್ದಾರೆ ಅಂದ್ರೆ ಗಾಬರಿ ಎಷ್ಟಿರ್ಬೇಕು ಲೆಕ್ಕ ಹಾಕಿ.

ನಾವಿರೋ ಟೆಕ್ಸಸ್‌ನಲ್ಲಿ ಗಂಡಸ್ರು ಓವನ್ ಬಿಟ್ಟು ಹಿತ್ತಲಿಗೆ ಬರ್ತಾರೆ, ಸ್ಮೋಕರ್, ಅಂದ್ರೆ ಕಟ್ಟಿಗೆ ಹೊಗೆಲಿ ನಿಧಾನಕ್ಕೆ ಬೇಯಿಸೋ ಮುಚ್ಚಳದ ಒಲೆ, ಹಚ್ಚೋಕೆ. ಸೇಬಿನ ಮರದ ತುಂಡೋ ಹಿಕರಿ ಕಟ್ಟಿಗೆನೋ ಹಾಕಿ, 225 ಡಿಗ್ರಿಲಿ ಇಟ್ರೆ ಪೌಂಡಿಗೆ ಹತ್ರತ್ರ ಅರ್ಧ ಗಂಟೆ. ಕೆಲಸ ಏನು? ಕುರ್ಚಿ ಹಾಕ್ಕೊಂಡು ಕೂರೋದು, ಕೈಯಲ್ಲಿ ಬಿಯರು, ಹೊಗೆ ತೆಳ್ಳಗೆ ನೀಲಿ ಇದ್ಯಾ ನೋಡೋದು, ಯಾಕಂದ್ರೆ ದಟ್ಟವಾಗಿ ಬೆಳ್ಳಗೆ ಬಂದ್ರೆ ಮಾಂಸ ಕಹಿ. ಮುಚ್ಚಳ ತೆಗೀಬಾರ್ದು, ಶಾಖ ಹೋಗುತ್ತೆ. ಸುಮ್ನೆ ಕೂತಿದ್ದೂ "ಅಡುಗೆ ಮಾಡ್ತಿದೀನಿ" ಅನ್ಬಹುದಾದ ಇಂಥ ವಿದ್ಯೆ ಇನ್ನೊಂದಿಲ್ಲ, ನನಗಂತೂ ಬಹಳ ಇಷ್ಟ. ಮಂಡ್ಯದಿಂದ ವಿಡಿಯೋ ಕಾಲ್ ಮಾಡಿದ ನನ್ನ ಹೆಂಡ್ತಿ ತಮ್ಮ ಸ್ವಲ್ಪ ಹೊತ್ತು ನೋಡಿ, "ಏನ್ ಬಾವ, ಇಷ್ಟೊತ್ತಿಗೆ ಎರಡು ಮರಿ ಬೆಂದು ಊಟಾನೂ ಆಗೋದಲ್ಲ" ಅಂದ.

ಆದ್ರೆ ಸಣ್ಣ ಶಾಖದಲ್ಲಿ ಚರ್ಮ ಗರಿಗರಿ ಆಗಲ್ಲ, ಜಗ್ಗಿದ್ರೆ ರಬ್ಬರು. ಅದಕ್ಕೇ ಹಿಂದಿನ ದಿನವೇ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನಲ್ಲಿ ಒಣಗಿಸಿ, ಕೊನೇಲಿ ಸ್ವಲ್ಪ ಹೊತ್ತು ಬಿಸಿ ಓವನ್‌ಗೆ ತಳ್ಳೋದು. ತೆಗೆದ ಮೇಲೂ ಅರ್ಧ ಗಂಟೆ ಮುಟ್ಟಂಗಿಲ್ಲ, ಬೇಗ ಕತ್ತರಿಸಿದ್ರೆ ರಸ ಎಲ್ಲಾ ಹಲಗೆ ಪಾಲು. ಎದೆ ಮಾಂಸ ಎಷ್ಟೇ ಚೆನ್ನಾಗಿ ಬಂದ್ರೂ ನನ್ನ ಪ್ರಕಾರ ಸುಮಾರು, ಗ್ರೇವಿ ಇಲ್ದೆ ಇಳಿಯಲ್ಲ. ತೊಡೆ ಮಾತ್ರ, ಹೊಗೆ ಹಿಡಿದು ಅಂಚಲ್ಲಿ ತಿಳಿಗೆಂಪು ತಿರುಗಿದ ತೊಡೆ, ಅದಕ್ಕೆ ಕ್ರ್ಯಾನ್‌ಬೆರಿ ಸಾಸೂ ಬೇಡ ಏನೂ ಬೇಡ.

ನಿಜವಾದ ಊಟ ಶುಕ್ರವಾರ. ಮೂಳೆನೆಲ್ಲಾ ದೊಡ್ಡ ಪಾತ್ರೆಗೆ ಹಾಕಿ ಬೇಯಿಸಿ, ಮೆಣಸು, ಧನಿಯ, ಸುಟ್ಟ ಈರುಳ್ಳಿ ರುಬ್ಬಿ ಹಾಕಿ ಸಾರು ಮಾಡಿದ್ರೆ ಮುದ್ದೆಗೆ ಏನ್ ಹೊಂದುತ್ತೆ ಅಂತೀರಾ, ಹೊಗೆ ವಾಸನೆಗೆ ಸೌದೆ ಒಲೆ ಸಾರೇ ಅನ್ಸುತ್ತೆ. ಉಪ್ಪು ಮಾತ್ರ ಕೊನೇಲಿ ರುಚಿ ನೋಡಿ ಹಾಕಿ, ಮೂಳೆಯಲ್ಲೇ ಬೇಕಾದಷ್ಟಿರುತ್ತೆ.