ಕರೆಯದೆ ಹೊಸಿಲು ದಾಟಿದರೆ ಸಾಕಾ, ಕೇಸು ಹಾಕೋಕೆ?

ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 329ನೇ ಸೆಕ್ಷನ್ ಪ್ರಕಾರ ಮನೆಗೆ ಅತಿಕ್ರಮವಾಗಿ ನುಗ್ಗಿದವರಿಗೆ ಒಂದು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಸುಮ್ನೆ ಒಳಗೆ ಬಂದರೆ ಸಾಲದು. ಬಂದವನಿಗೆ ಏನಾದರೂ ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಕೊಡುವ ಉದ್ದೇಶ ಇರಬೇಕು. ಈ ಉದ್ದೇಶದ ಷರತ್ತನ್ನು ತೆಗೆದುಹಾಕಬೇಕಾ?

ಪರ

ತೆಗೆಯಬೇಕು. ಆಗುಂಬೆ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಮನೆ ಗುಡ್ಡದ ಆಚೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು. ರಜೆ ಬಂದರೆ ಜಲಪಾತ ಹುಡುಕಿಕೊಂಡು ಬಂದವರು ದಣಪೆ (ಬೇಲಿಯ ಗೇಟು) ದಾಟಿ, ಜಗಲಿ ಹತ್ತಿ, ನಡುಮನೆಗೇ ಬಂದು ಫೋಟೋ ಹೊಡೆಯುತ್ತಾರೆ. ಕೇಳಿದರೆ ‘ಹಳೇ ಮನೆ, ಸುಮ್ನೆ ನೋಡೋಣ ಅಂತ’ ಅನ್ನುತ್ತಾರೆ. ಅವರಿಗೆ ಕೆಟ್ಟ ಉದ್ದೇಶ ಇಲ್ಲ, ನಿಜ. ಹಾಗಾಗಿ ಕೇಸೂ ಇಲ್ಲ!

ಉದ್ದೇಶ ಸಾಬೀತು ಮಾಡುವುದು ಸಲೀಸಲ್ಲ. ಮಾತ್ರಿ ವಿರುದ್ಧ ಪಂಜಾಬ್ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಕಿರಿಕಿರಿ ಆಗುತ್ತದೆ ಅಂತ ಬಂದವನಿಗೆ ಗೊತ್ತಿದ್ದರೆ ಸಾಲದು, ಕಿರಿಕಿರಿ ಮಾಡುವುದೇ ಅವನ ಮುಖ್ಯ ಗುರಿಯಾಗಿರಬೇಕು. ಬಾಗಿಲಲ್ಲಿ ನಿಂತ ಅಪರಿಚಿತನ ಮುಖ್ಯ ಗುರಿ ಯಾವುದು ಅಂತ ಎಪ್ಪತ್ತು ದಾಟಿದ ಅಜ್ಜಿ ಹೇಗೆ ಕಂಡುಹಿಡಿಯಬೇಕು?

ಪೋಸ್ಟ್‌ಮನ್, ಲೈನ್‌ಮನ್, ಆಶಾ ಕಾರ್ಯಕರ್ತೆಗೆ ವಿನಾಯಿತಿ ಬರೆದರೆ ಆಯಿತು. ಉಳಿದವರು ಅಂಗಳದಲ್ಲಿ ನಿಂತು ಕೂಗಲಿ. ಅದರಲ್ಲಿ ಯಾರಿಗೆ ಏನು ನಷ್ಟ?

ವಿರೋಧ

ಅಂಗಳದಲ್ಲಿ ನಿಂತು ಕೂಗುವುದು ಒಳ್ಳೆಯ ಪದ್ಧತಿ. ಕೂಗದವನನ್ನು ಜೈಲಿಗೆ ಕಳಿಸುವುದು ಬೇರೆ ಮಾತು. ಮಲೆನಾಡಿನ ಎಷ್ಟೋ ಕಾಲುದಾರಿಗಳು ಯಾರದೋ ತೋಟ, ಯಾರದೋ ಅಂಗಳ ಹಾದೇ ಹೋಗುತ್ತವೆ. ತಪ್ಪಿಸಿಕೊಂಡ ದನ ಹುಡುಕುತ್ತಾ ಬಂದವನು, ಮಳೆಗೆ ಸಿಕ್ಕಿ ಒಳಗೆ ಓಡಿ ಬಂದವನು, ಇವರೆಲ್ಲ ಕರೆಯದೆ ಬಂದವರೇ. ದೀಪಾವಳಿಯ ರಾತ್ರಿ ದೀಪ ಹಿಡಿದು ಹಾಡುತ್ತಾ ಬರುವ ಅಂಟಿಗೆ ಪಂಟಿಗೆಯವರನ್ನೂ ಯಾರೂ ಕಾರ್ಡು ಕೊಟ್ಟು ಕರೆಯುವುದಿಲ್ಲ. ವಿನಾಯಿತಿ ಪಟ್ಟಿ ಎಲ್ಲಿಯವರೆಗೆ ಬರೆಯುತ್ತೀರಿ?

ಕಾನೂನು ಈಗಲೂ ಹಲ್ಲಿಲ್ಲದ್ದೇನಲ್ಲ. ಹಳೆಯ ದಂಡ ಸಂಹಿತೆಯಲ್ಲಿ ಇದೇ ತಪ್ಪಿಗೆ ದಂಡ 1,000 ರೂಪಾಯಿ ಇತ್ತು, ಈಗ 5,000. ಬಾಗಿಲೊಳಗೆ ದೇಹದ ಒಂದು ಭಾಗ ಬಂದರೂ ಪ್ರವೇಶವೇ. ಮನುಷ್ಯರು ವಾಸಿಸುವ ಮನೆ ಮಾತ್ರವಲ್ಲ, ಅಡಿಕೆ ಮೂಟೆ ಇಟ್ಟ ಉಗ್ರಾಣವೂ ಇದರಲ್ಲಿ ಸೇರುತ್ತದೆ. ರಾತ್ರಿ ಬೀಗ ಮುರಿದೋ ಗೋಡೆ ಹತ್ತಿಯೋ ಬಂದರೆ 331ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲು.

ನನಗೆ ಜಾಸ್ತಿ ಭಯ ಇರುವುದು ಕೋವಿಯ ವಿಷಯದಲ್ಲಿ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿ ಇಲ್ಲಿ ಹಲವರ ಮನೆಯಲ್ಲಿದೆ. ಆಸ್ತಿ ಉಳಿಸಿಕೊಳ್ಳಲು ಪ್ರಾಣ ತೆಗೆಯುವಷ್ಟು ಬಲ ಬಳಸಲು ಕಾನೂನು ಬಿಡುವುದು ಕೆಲವೇ ಸಂದರ್ಭಗಳಲ್ಲಿ: ದರೋಡೆ, ರಾತ್ರಿ ಮನೆ ಒಡೆಯುವುದು, ವಾಸದ ಮನೆಗೆ ಬೆಂಕಿ, ಇಲ್ಲವೇ ಸಾವು ಅಥವಾ ಗಂಭೀರ ಗಾಯದ ಭಯ ನಿಜಕ್ಕೂ ಇರುವಂಥ ಕಳ್ಳತನ, ಅತಿಕ್ರಮ. ಒಳಗೆ ಬಂದದ್ದೇ ಅಪರಾಧ ಅಂತ ಮಾಡಿದರೆ ಈ ಮಿತಿ ಕಾಗದದಲ್ಲಿ ಹಾಗೇ ಉಳಿಯುತ್ತದೆ. ಜನರ ತಲೆಯಲ್ಲಿ ಉಳಿಯುತ್ತದಾ?

ಇನ್ನೊಂದು, ಈ ಆಯುಧ ಯಾರ ಕೈಗೆ ಹೋಗುತ್ತದೆ? 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಭೂಮಾಲೀಕರ ವಿರುದ್ಧ ನಡೆದ ಸತ್ಯಾಗ್ರಹದಲ್ಲಿ ಉಳಲು ಹೊಲಕ್ಕಿಳಿದ ಗೇಣಿದಾರರನ್ನು ಬಂಧಿಸಿದರು. ಅದು ಮನೆಯಲ್ಲ, ಜಮೀನು, ಒಪ್ಪಿದೆ. ಆದರೂ ಬಾಕಿ ಕೂಲಿ ಕೇಳಲು ಒಡೆಯರ ಜಗಲಿ ಹತ್ತಿದವನ ಮೇಲೆ ಉದ್ದೇಶವನ್ನೇ ಕೇಳದೆ ಕೇಸು ಹಾಕಬಹುದು ಅಂದರೆ, ಮೊದಲು ಸ್ಟೇಷನ್ನಿಗೆ ಹೋಗುವವರು ಯಾರು ಅಂತ ಸಾಗರದವರಿಗೆ ಹೇಳಿಕೊಡಬೇಕಾ?

ಫೋಟೋ ಹೊಡೆಯುವ ಪ್ರವಾಸಿಗರಿಗೆ ದಾರಿ ಈಗಲೇ ಇದೆ. ‘ಹೋಗಿ’ ಅಂತ ಗಟ್ಟಿಯಾಗಿ ಹೇಳಿ, 112ಕ್ಕೆ ಫೋನ್ ಮಾಡಿ. ಹೇಳಿದ ಮೇಲೂ ಕದಲದವನ ಉದ್ದೇಶ ತೋರಿಸುವುದು ಅಷ್ಟು ಕಷ್ಟವಲ್ಲ. ಒಂಟಿಮನೆಯಲ್ಲಿ ಸಾಕ್ಷಿ ಯಾರು, ಫೋನ್ ಹೋಗಬೇಕಲ್ಲ ಅಂತ ಎದುರಿನವರು ಕೇಳುತ್ತಾರೆ. ಅದು ಸರಿಯಾದ ಪ್ರಶ್ನೆ. ಆದರೆ ಉದ್ದೇಶದ ಷರತ್ತು ತೆಗೆದರೂ ಟವರ್ ಬರುವುದಿಲ್ಲ, ಅಲ್ವಾ?