ಪೇಂಟ್ ಹೊಡೆಯೋದು ಕೊನೇ ಕೆಲಸ

ಅಕ್ಟೋಬರ್ ಮಳೆ ಜೋರಾಗಿ ಹುಯ್ದ ಮಾರನೇ ದಿನ ಹಿಂದಿನ ಬೀದಿಯವರೊಬ್ಬರು ಫೋನ್ ಮಾಡಿ, "ಸೋರದ ಹಾಗೆ ನಿಮ್ಮ ತಾರಸಿಗೆ ಯಾವ ಕಂಪನಿ ಪೇಂಟ್ ಹೊಡೆದ್ರಿ ಸಾರ್, ಹೆಸರು ಹೇಳಿ" ಅಂದ್ರು. ಕೇಳಬೇಕಾದ್ದು ಅದಲ್ಲ ಸ್ವಾಮಿ ಅಂತ ಶುರು ಮಾಡಿದೆ. ಫೋನಲ್ಲಿ ಮುಗಿಯಲಿಲ್ಲ, ಇಲ್ಲಿ ಬರೀತಿದೀನಿ.

ನಮ್ಮದು ತುಮಕೂರಿನ ಕ್ಯಾತ್ಸಂದ್ರದ ಕಡೆ ಮನೆ. 1994ರಲ್ಲಿ ಅಪ್ಪ ನಿಂತು ಹಾಕಿಸಿದ ಮೋಲ್ಡು, ಅಂದ್ರೆ ಕಾಂಕ್ರೀಟ್ ತಾರಸಿ, ಸುಮಾರು 700 ಚದರಡಿ. ಮೂರು ವರ್ಷದ ಹಿಂದೆ ಹಾಲ್‌ನಲ್ಲಿ ಫ್ಯಾನ್ ಪಕ್ಕ ಸೋರಿತು ಅಂತ ಒಬ್ಬರನ್ನ ಕರೆಸಿದ್ವಿ. ಬೆಳಿಗ್ಗೆ ಬಂದು ಪೊರಕೆ ಆಡಿಸಿ, ಸಂಜೆ ಒಳಗೆ ಎರಡು ಕೋಟ್ ಬಳಿದು, "ಐದು ವರ್ಷ ತಲೆ ಕೆಡಿಸ್ಕೋಬೇಡಿ ಸಾರ್" ಅಂದು ದುಡ್ಡು ಎಣಿಸಿಕೊಂಡು ಹೋದರು. ಮೊದಲ ಬೇಸಿಗೆಗೆ ಗುಳ್ಳೆ. ಎರಡನೇದಕ್ಕೆ ಬಟ್ಟೆ ಒಣಗಿಸೋಕೆ ಹೋದರೆ ಅಂಗಾಲಿಗೆ ಹಪ್ಪಳದ ಥರ ಎದ್ದು ಬರ್ತಿತ್ತು. ಒಂದು ಹಪ್ಪಳ ಎತ್ತಿ ತಿರುಗಿಸಿ ನೋಡಿದೆ. ಹಿಂದುಗಡೆ ಒಣಗಿದ ಪಾಚಿ, ಅದರ ಜೊತೆ ನಮ್ಮೂರ ಕೆಮ್ಮಣ್ಣು, ಹಾಗೇ ಅಂಟಿಕೊಂಡಿದೆ. ಪಾಪ, ಪೇಂಟೇನೋ ಗಟ್ಟಿಯಾಗೇ ಹಿಡಿದಿತ್ತು, ಪಾಚಿಯನ್ನ!

ಅವತ್ತೇ ನಿರ್ಧಾರ ಮಾಡಿದ್ದು, ಈ ಸಲ ನಾನೇ ಮಾಡ್ತೀನಿ ಅಂತ. ನಮ್ಮ ಕಡೆ ಜೋರು ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮಳೆ ಬಂದಾಗ ಓಡಾಡಿ ಏನೂ ಪ್ರಯೋಜನ ಇಲ್ಲ. ಮೋಲ್ಡು ಪೂರ್ತಿ ಒಣಗಿರೋ ಫೆಬ್ರವರಿಯಲ್ಲಿ ಹಿಡಿದೆ.

ಕಾದ ದಿನ ಬಿಟ್ಟು ಒಟ್ಟು ಏಳು ದಿನದ ಕೆಲಸದಲ್ಲಿ ನಾಲ್ಕು ದಿನ ಬರೀ ತೊಳೆಯೋದು, ಕೆರೆಯೋದು. ಎದ್ದ ಪೇಂಟನ್ನ ಕರಣೆಯಲ್ಲಿ ಎಬ್ಬಿಸಿ, ಬ್ಲೀಚಿಂಗ್ ಪೌಡರ್ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ತಂತಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ನೀರು ಹಾಕಿ ತೊಳೆದೆ. ಸೊಂಟ ನನ್ನದಲ್ಲ ಅನ್ನಿಸಿಬಿಡ್ತು. ಒಂದು ಮಾತು: ಬ್ಲೀಚಿಂಗ್ ಹಾಕಿದ ಕಡೆ ಬಾತ್‌ರೂಮ್ ಆಸಿಡ್ ಸುರೀಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ, ಶ್ವಾಸಕೋಶಕ್ಕೆ ವಿಷ. "ಆಸಿಡ್ ಹಾಕಿದ್ರೆ ಬೇಗ ಹೋಗುತ್ತೆ" ಅನ್ನೋ ಸಲಹೆ ನನಗೂ ಬಂದಿತ್ತು. ಆಸಿಡ್ ಸಿಮೆಂಟನ್ನೇ ತಿನ್ನುತ್ತೆ ಕಣ್ರೀ.

ತೊಳೆದ ಮೇಲೆ ಗೊತ್ತಾಗಿದ್ದು, ಫ್ಯಾನ್ ಪಕ್ಕದ ಒದ್ದೆಗೂ ಫ್ಯಾನ್ ಮೇಲಿನ ಜಾಗಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಒಂದು ಗೆರೆಯೂ ಇರಲಿಲ್ಲ. ಬಿರುಕು ಇದ್ದದ್ದು ಏಳೆಂಟು ಅಡಿ ಆಚೆ, ಪ್ಯಾರಪೆಟ್ ಗೋಡೆ ಮೋಲ್ಡಿಗೆ ಕೂರುವ ಸಂದಿಯಲ್ಲಿ. ನೀರು ಅಲ್ಲಿ ಇಳಿದು, ಒಳಗೊಳಗೇ ದಾರಿ ಮಾಡಿಕೊಂಡು ಸಿಕ್ಕ ಕಡೆ ತೊಟ್ಟಿಕ್ಕುತ್ತೆ. ಇದನ್ನ ಹಾಗೇ ಬಿಟ್ಟರೆ ಕಂಬಿಗೆ ತುಕ್ಕು. ತುಕ್ಕು ಹಿಡಿದ ಕಬ್ಬಿಣ ಉಬ್ಬಿಕೊಂಡು ಕೆಳಗಿನ ಕಾಂಕ್ರೀಟನ್ನ ಚಕ್ಕೆ ಚಕ್ಕೆಯಾಗಿ ಉದುರಿಸುತ್ತೆ. ಆಮೇಲೆ ಯಾವ ಪೇಂಟೂ ಕಾಪಾಡಲ್ಲ.

ಬಿರುಕಿನ ಮೇಲೆ ಸಿಮೆಂಟ್ ಹಾಲು ಬಳಿದರೆ ಒಂದು ಮಳೆಗಾಲಕ್ಕೂ ನಿಲ್ಲಲ್ಲ. ಗ್ರೈಂಡರ್‌ನಲ್ಲಿ V ಆಕಾರಕ್ಕೆ ಅಗಲ ಮಾಡಿ, ದೂಳು ಊದಿ ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿದೆ. ಪ್ಯಾರಪೆಟ್ ಮೂಲೆಗೆ ಗಾರೆಯನ್ನ ಗುಂಡಗೆ ಎಳೆದು, ಮೇಲೆ ಫೈಬರ್ ಜಾಲರಿ ಕೂರಿಸಿದೆ. ಆಮೇಲೆ ನಾಲ್ಕು ಬಕೆಟ್ ನೀರು ಸುರಿದು, ನಿಂತ ಕಡೆಯೆಲ್ಲಾ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಣಗಿದ ಮೇಲೆ ಅಲ್ಲಿ ವಾಟ, ಅಂದ್ರೆ ನೀರು ಹರಿದು ಹೋಗೋ ಇಳಿಜಾರು, ಸರಿ ಮಾಡಿದೆ. ಅಂಗಡಿಯಲ್ಲಿ ಸಿಗೋ ಅಕ್ರಿಲಿಕ್ ಕೋಟಿಂಗ್‌ಗೆ ಬಿದ್ದು ಹರಿಯೋ ಮಳೆ ತಡೆಯೋ ತಾಕತ್ತಿದೆ, ದಿನಗಟ್ಟಲೆ ನಿಂತ ನೀರನ್ನ ತಡೆಯೋದಲ್ಲ. ಇದನ್ನ ಅಂಗಡಿಯವರು ಹೇಳಲ್ಲ.

ಇಷ್ಟರಲ್ಲಿ ಅಮೆರಿಕದಲ್ಲಿರೋ ಅಕ್ಕನ ಮಗ ವಿಡಿಯೋ ಕಾಲ್ ಮಾಡಿದ. ಅವನ ಹತ್ತಿರ ಹಳೇ ಆರ್‌ವಿ ಇದೆ. ಹಾಸಿಗೆ, ಅಡುಗೆಮನೆ ಎಲ್ಲಾ ಇರೋ ಗಾಡಿ. ಅದರ ಸೂರು ಇಪಿಡಿಎಂ ಅನ್ನೋ ರಬ್ಬರ್ ಹಾಳೆಯದು, ಬಿಸಿಲಿಗೆ ಬಿಳೀ ಪುಡಿ ಬಿಡುತ್ತಂತೆ. ಪೆಟ್ರೋಲ್, ಥಿನ್ನರ್ ಥರದ್ದು ತಾಕಿಸಿದರೆ ರಬ್ಬರ್ ಉಬ್ಬಿ ಹಾಳಾಗುತ್ತೆ, ಅದಕ್ಕೇ ಸೋಪಿನ ನೀರಲ್ಲೇ ತೊಳೀಬೇಕಂತೆ. "ಮಾವ, ಸಂದಿ ಮುಚ್ಚೋಕೆ ಎಲ್ಲಾದ್ರೂ ಸಿಲಿಕೋನ್ ಅಂಟು ಹಚ್ಚಿದೀರಾ ನೋಡಿ. ಅದರ ಮೇಲೆ ಸಿಲಿಕೋನ್ ಬಿಟ್ರೆ ಬೇರೇನೂ ಕೂರಲ್ಲ" ಅಂದ. ಹೋಗಿ ನೋಡಿದರೆ ಮಳೆನೀರಿನ ಪೈಪಿನ ಸುತ್ತ ಹಳಬರು ಸಿಲಿಕೋನ್ ಮೆತ್ತಿದ್ದಾರೆ! ಸರಿಯಾಗಿ ಅಲ್ಲೇ ಪೇಂಟ್ ಉಂಗುರದ ಹಾಗೆ ಕಿತ್ತು ಬಂದಿತ್ತು. ಬ್ಲೇಡಿನಲ್ಲಿ ಪೂರ್ತಿ ಕೆರೆಯೋಕೆ ಒಂದು ಮಧ್ಯಾಹ್ನ ಹಿಡೀತು.

ಪೇಂಟಿಗಿಂತ ಮುಂಚೆ ಇನ್ನೊಂದು ಪರೀಕ್ಷೆ. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಸಂಜೆ ಮೋಲ್ಡಿಗೆ ಅಂಟಿಸಿ, ಬೆಳಿಗ್ಗೆ ಬಿಚ್ಚಿ ನೋಡಿ. ಒಳಗೆ ಹನಿ ಕಟ್ಟಿದ್ದರೆ ತೇವ ಇದೆ ಅಂತ, ಕಾಯಬೇಕು. ನಾನು ಎರಡು ದಿನ ಕಾದೆ.

ಪೇಂಟ್ ಬಗ್ಗೆ ಹೇಳೋದು ಕಮ್ಮಿ. ಮಂಡಿಪೇಟೆಯಿಂದ 20 ಲೀಟರ್‌ನ ಎರಡು ಡಬ್ಬ ತಂದೆ. ಡಬ್ಬದ ಮೇಲೆ ಬರೆದಷ್ಟು ನೀರು ಬೆರೆಸಿ ಮೊದಲು ತೆಳು ಕೋಟ್, ಆಮೇಲೆ ನೀರಿಲ್ಲದೆ ಎರಡು ಕೋಟ್, ಒಂದು ಉದ್ದಕ್ಕೆ, ಮಾರನೇ ದಿನ ಇನ್ನೊಂದು ಅಡ್ಡಕ್ಕೆ. ಬಿಸಿಲು ಏರೋ ಮುಂಚೆ ಮುಗಿಸಬೇಕು. ಕಾದ ಮೋಲ್ಡಿನ ಮೇಲೆ ಹೊಡೆದರೆ ಮೇಲ್ಪದರ ಬೇಗ ಒಣಗಿ ಒಳಗಿನ ನೀರು ಸಿಕ್ಕಿಕೊಳ್ಳುತ್ತೆ, ಅದೇ ಗುಳ್ಳೆ. ಬಿಳಿ ಬಣ್ಣಕ್ಕೆ ಬಿಸಿಲು ಹಿಂದಕ್ಕೆ ಹೊಡೆದು ಏಪ್ರಿಲ್‌ನಲ್ಲಿ ಮಹಡಿ ಕೆಳಗಿನ ರೂಮು ತಣ್ಣಗಿದ್ದದ್ದು ಲೆಕ್ಕಕ್ಕೆ ಸಿಗದ ಲಾಭ.

ಹಾಲ್ ಸೋರಲಿಲ್ಲ. ಅಡುಗೆಮನೆ ಮೂಲೆಯಲ್ಲಿ ಮಾತ್ರ ಅಂಗೈಯಗಲ ಒದ್ದೆ ಬಂದಿದೆ. ಜೂನ್‌ನಲ್ಲಿ ಸೋಲಾರ್ ಸ್ಟ್ಯಾಂಡ್ ಸರಿಸೋಕೆ ಬಂದ ಹುಡುಗ ನನ್ನ ಹೊಸ ಕೋಟಿಂಗ್ ಮೇಲೇ ಡ್ರಿಲ್ ಹಾಕಿ ಬೋಲ್ಟ್ ಇಳಿಸಿದ್ದ, ನಾನು ಆಫೀಸಿನಲ್ಲಿದ್ದೆ. ಬೋಲ್ಟಿನ ಬುಡ ಬಿಚ್ಚಿ ಮತ್ತೆ ತುಂಬಬೇಕು, ಫೆಬ್ರವರಿಗೆ.

ಅಷ್ಟರೊಳಗೆ ನನ್ನ ತಂತಿ ಬ್ರಷ್ ಒಯ್ದವರು ದಯವಿಟ್ಟು ವಾಪಸ್ ತಂದುಕೊಡಿ.