ಬರಹ ನಮ್ಮ ಹತ್ತಿರ ಇರಲಿ, ಸರ್ವರ್ ಬರೀ ಅಂಚೆಪೆಟ್ಟಿಗೆ ಆಗಲಿ

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಲ್ಲಿ ಕೂತು ನಾಲ್ಕು ಜನ ಒಂದೇ ಬರಹ ತಿದ್ದೋಕೆ ಗೂಗಲ್ ಡಾಕ್ಸ್ ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ.

ನಾವೊಂದಿಷ್ಟು ಜನ ಅಪ್ಪೆಮಿಡಿ ತಳಿಗಳ ಬಗ್ಗೆ ಬರೆದಿಡುತ್ತಿದ್ದೇವೆ. ಒಬ್ಬರು ಸಾಗರದಲ್ಲಿ, ಒಬ್ಬರು ಆಗುಂಬೆಯಲ್ಲಿ. ಡಾಕ್ಸ್‌ನಲ್ಲಿ ಆಫ್‌ಲೈನ್ ಸೌಲಭ್ಯ ಇದೆ, ಆದರೆ ಅದನ್ನು ಮೊದಲೇ ಆನ್ ಮಾಡಿಟ್ಟಿರಬೇಕು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಅಸಲಿ ಪ್ರತಿ ಇರುವುದು ಗೂಗಲ್‌ನ ಸರ್ವರ್‌ನಲ್ಲಿ. ನಾನು ಹತ್ತನೇ ಅಕ್ಷರದ ಜಾಗದಲ್ಲಿ ಏನೋ ಸೇರಿಸಿದೆ, ಅಷ್ಟರಲ್ಲಿ ನೀವು ಮೂರನೆಯದನ್ನು ಅಳಿಸಿದಿರಿ ಅಂದರೆ ನನ್ನ ಹತ್ತು ಒಂಬತ್ತಾಗಬೇಕಲ್ವಾ, ಆ ಲೆಕ್ಕಕ್ಕೆ ಆಪರೇಷನಲ್ ಟ್ರಾನ್ಸ್‌ಫಾರ್ಮೇಷನ್ ಅಂತಾರೆ. 1989ರಿಂದ ಇರುವ ವಿದ್ಯೆ. ಡಾಕ್ಸ್‌ನಲ್ಲಿ ಯಾವ ತಿದ್ದುಪಡಿ ಮೊದಲು ಅಂತ ತೀರ್ಮಾನಿಸುವುದು ಸರ್ವರ್.

ಸಿಆರ್‌ಡಿಟಿ (ಕಾನ್‌ಫ್ಲಿಕ್ಟ್-ಫ್ರೀ ರೆಪ್ಲಿಕೇಟೆಡ್ ಡೇಟಾ ಟೈಪ್) ಅನ್ನೋ ಇನ್ನೊಂದು ವಿಧಾನದ ದಾರಿಯೇ ಬೇರೆ. ಪ್ರತಿ ಅಕ್ಷರಕ್ಕೂ ಅದರದೇ ಗುರುತು ಕೊಡುತ್ತಾರೆ. ತಿದ್ದುಪಡಿಗಳು ಹಿಂದೆಮುಂದೆ ಬಂದರೂ, ಎರಡು ದಿನ ತಡವಾಗಿ ಬಂದರೂ, ಎಲ್ಲರ ಪ್ರತಿಯೂ ಕೊನೆಗೆ ಒಂದೇ ಆಗುತ್ತದೆ. ಈ ಹೆಸರು ಗಟ್ಟಿಯಾಗಿದ್ದು 2011ರ ಸುಮಾರಿಗೆ. ಇಂಥ ಎಡಿಟರ್ ಕಟ್ಟೋಕೆ ಬಳಸುವ ವೈಜೆಎಸ್, ಆಟೋಮರ್ಜ್ ಎರಡೂ ಇದೇ ಜಾತಿಯವು, ಎರಡೂ ಮುಕ್ತ ತಂತ್ರಾಂಶ. ಅಳಿಸಿದ ಅಕ್ಷರಗಳ ಗುರುತನ್ನೂ ಇಟ್ಟುಕೊಳ್ಳಬೇಕಾದ್ದರಿಂದ ಕಡತ ಸ್ವಲ್ಪ ದಪ್ಪ ಆಗುತ್ತದೆ. ಆಗಲಿ, ಬರೀ ಅಕ್ಷರ ತಾನೇ.

ಹಾಗಂತ ಸರ್ವರೇ ಬೇಡ, ಮೊಬೈಲಿಂದ ಮೊಬೈಲಿಗೆ ನೇರ ಕಳಿಸೋಣ ಅನ್ನೋದು ನಮ್ಮೂರಿಗೆ ಆಗುವುದಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಇರಬೇಕು. ಸಾಗರದಲ್ಲಿ ಸಿಗ್ನಲ್ ಬಂದಾಗ ಆಗುಂಬೆಯಲ್ಲಿ ಇರಲ್ಲ. ಬ್ರೌಸರ್‌ನಿಂದ ಬ್ರೌಸರ್‌ಗೆ ನೇರ ಕಳಿಸುವ ವೆಬ್‌ಆರ್‌ಟಿಸಿ ಅನ್ನೋ ತಂತ್ರಕ್ಕೂ ಒಬ್ಬರನ್ನೊಬ್ಬರು ಹುಡುಕಿಕೊಳ್ಳೋಕೆ ನಡುವೆ ಯಾರಾದರೂ ಬೇಕೇ ಬೇಕು. ಅದಕ್ಕೇ ನಾನು ಕೇಳುವುದು ಅಂಚೆಪೆಟ್ಟಿಗೆಯಂಥ ಸರ್ವರ್. ಬಂದ ತಿದ್ದುಪಡಿ ಇಟ್ಟುಕೊಂಡಿರಲಿ, ಕೇಳಿದವರಿಗೆ ಕೊಡಲಿ, ಅಷ್ಟೇ. ಅದು ಕೆಟ್ಟರೂ ಪೂರ್ತಿ ಬರಹ ನಮ್ಮೆಲ್ಲರ ಹತ್ತಿರ ಇರಬೇಕು.

ಒಂದು ತೊಂದರೆ ಮಾತ್ರ ಯಾವ ದಾರಿಯಲ್ಲೂ ಹೋಗಲ್ಲ. ಇಬ್ಬರು ಬೇರೆ ಬೇರೆ ಕಡೆ ಕೂತು ಒಂದೇ ವಾಕ್ಯ ತಿದ್ದಿದರೆ, ಎರಡೂ ಬೆರೆತು ಎಲ್ಲರಿಗೂ ಒಂದೇ ಥರದ ಅರ್ಥವಿಲ್ಲದ ವಾಕ್ಯ ಸಿಗಬಹುದು. ಅದನ್ನು ಮನುಷ್ಯರೇ ಓದಿ ಸರಿಮಾಡಬೇಕು. ಹಾಗಾಗಿ ಯಾರು ಏನು ತಿದ್ದಿದರು ಅಂತ ಬಣ್ಣದಲ್ಲಿ ತೋರಿಸುವ ಕನ್ನಡದ ಎಡಿಟರ್ ಬೇಕು. ಶಿವಮೊಗ್ಗದ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಯಾರಾದರೂ ವೈಜೆಎಸ್ ಮೇಲೆ ಇದನ್ನು ಮಾಡೋಕೆ ತಯಾರಿದ್ದರೆ ತಿಳಿಸಿ, ಪರೀಕ್ಷೆ ಮಾಡಿ ನೋಡೋಕೆ ನಮ್ಮ ಬರಹವನ್ನೇ ಕೊಡುತ್ತೇವೆ.